ಫರ್ನೇಸ್ ಪಕ್ಕದಲ್ಲೇ ಟರ್ಮಿನಲ್ ಡಬ್ಬಿ, ಅಲ್ಲಿಂದಾಚೆ ಬರೀ ತಾಮ್ರ: ನನ್ನ ಅನುಭವ

"ಥರ್ಮೋಕಪಲ್‌ಗೆ ಕಾಪರ್ ವೈರ್ ಎಳೀತೀರಾ ಸಾರ್? ರೀಡಿಂಗ್ ಎಲ್ಲಿಗೋ ಹೋಗುತ್ತೆ" ಅಂತ ನಮ್ಮ ಫಿಟ್ಟರ್ ಹೇಳಿದರು. ಪ್ಯಾನೆಲ್ ಕಟ್ಟಿಕೊಟ್ಟವರದೂ ಅದೇ ಮಾತು. ಥರ್ಮೋಕಪಲ್ ಅಂದರೆ ಎರಡು ಬೇರೆ ಲೋಹದ ತಂತಿಗಳ ತುದಿ ಬೆಸೆದ, ಬಿಸಿ ಅಳೆಯುವ ಸೆನ್ಸರ್. ಹೋದ ಬೇಸಿಗೆಯಿಂದ ಆ ತಾಮ್ರದ ಮೇಲೇ ಫರ್ನೇಸ್ ಒಳಗೆ ಒಂಬತ್ತು ಕಡೆ ಬಿಸಿ ಅಳೆಯುವ ನಮ್ಮ ಸರ್ವೇ ನಡೆಯುತ್ತಿದೆ. ಗ್ರಾಹಕರ ಆಡಿಟ್ ಕೂಡ ದಾಟಿದೆ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಜಾಗ ಪೀಣ್ಯದ ಒಂದು ಹೀಟ್ ಟ್ರೀಟ್‌ಮೆಂಟ್ ಶೆಡ್. ಫರ್ನೇಸ್‌ನಿಂದ ಲಾಗರ್ (ರೀಡಿಂಗ್ ದಾಖಲಿಸುವ ಯಂತ್ರ) ಇರುವ ಕೋಣೆಗೆ ಸುಮಾರು 35 ಮೀಟರ್ ಕೇಬಲ್ ದಾರಿ. ಲಾಗರ್ 16 ಚಾನೆಲ್‌ನದು, ಮುಂದೆ ಸಾದಾ ಸ್ಕ್ರೂ ಟರ್ಮಿನಲ್ ಸಾಲು. ಮೊದಲು ಎಲ್ಲರೂ ಮಾಡುವಂತೆ ಅಲ್ಲಿಯವರೆಗೂ ಥರ್ಮೋಕಪಲ್ ತಂತಿಯಷ್ಟೇ ವೋಲ್ಟೇಜ್ ಕೊಡುವ ಕಾಂಪೆನ್ಸೇಟಿಂಗ್ ಕೇಬಲ್ಲೇ ಎಳೆದಿದ್ದೆವು. ಆಗ ಮೀಟರಿಗೆ ಅರವತ್ತು ರೂಪಾಯಿ ಆಸುಪಾಸು ಇತ್ತು. ಒಂಬತ್ತು ಎಳೆಗೆ ಲೆಕ್ಕ ಹಾಕಿ, ಹತ್ತೊಂಬತ್ತು ಸಾವಿರದ ಹತ್ತಿರ. ಇಷ್ಟು ಸುರಿದರೂ ಬೆಳಗಿನ ರೀಡಿಂಗ್‌ಗೂ ಮಧ್ಯಾಹ್ನದ ರೀಡಿಂಗ್‌ಗೂ ತಾಳೆಯಾಗುತ್ತಿರಲಿಲ್ಲ.

ಥರ್ಮೋಕಪಲ್ ಮೇಲೆ ಅನುಮಾನಪಟ್ಟು ಎರಡು ಬದಲಾಯಿಸಿದ್ದೂ ಆಯಿತು. ದುಡ್ಡು ದಂಡ. ಆಮೇಲೆ ಒಂಬತ್ತೂ ತುದಿಗಳನ್ನು ಒಟ್ಟಿಗೆ ಕಟ್ಟಿ, ಪುಡಿ ಐಸ್ ಮತ್ತು ನೀರು ತುಂಬಿದ ಫ್ಲಾಸ್ಕ್‌ಗೆ ಇಳಿಸಿದೆ. ಎಲ್ಲವೂ ಸೊನ್ನೆ ತೋರಿಸಬೇಕು ಅಲ್ವಾ? ಒಂದನೇ ಚಾನೆಲ್ ಸೊನ್ನೆಯ ಹತ್ತಿರ ಇತ್ತು. ಒಂಬತ್ತನೆಯದು ಮೈನಸ್ ಎರಡೂವರೆ. ನಡುವಿನವು ಮೆಟ್ಟಿಲಿನ ಹಾಗೆ ಒಂದೊಂದಾಗಿ ಇಳಿದಿದ್ದವು. ಲಾಗರ್ ಪಕ್ಕದಲ್ಲೇ ಎಸ್‌ಎಂಪಿಎಸ್ (ಪವರ್ ಸಪ್ಲೈ) ಕೂತಿತ್ತು. ಆ ಕಡೆಯ ಸ್ಕ್ರೂಗಳು ಬಿಸಿ, ಸ್ಕ್ರೂಗಳ ಬಿಸಿ ಅಳೆದು ಲೆಕ್ಕಕ್ಕೆ ಸೇರಿಸುವ ಕೋಲ್ಡ್ ಜಂಕ್ಷನ್ ಸೆನ್ಸರ್ ಇರುವುದು ಇನ್ನೊಂದು ತುದಿಯಲ್ಲಿ. ಥರ್ಮೋಕಪಲ್ ಹೇಳುವುದು ತನ್ನ ತುದಿಗೂ ಸ್ಕ್ರೂಗೂ ಇರುವ ಬಿಸಿಯ ವ್ಯತ್ಯಾಸ ಮಾತ್ರ. ನಾವು ಬಳಸುವ ಕೆ ಟೈಪ್‌ನಲ್ಲಿ ಡಿಗ್ರಿಗೆ ಸಿಗುವುದೇ ಸುಮಾರು 41 ಮೈಕ್ರೋವೋಲ್ಟ್. ಆ ಸೆನ್ಸರ್‌ಗಿಂತ ಸ್ಕ್ರೂ ಎರಡು ಡಿಗ್ರಿ ಬಿಸಿಯಾದರೆ ರೀಡಿಂಗ್ ಅಷ್ಟೇ ಡಿಗ್ರಿ ಕಮ್ಮಿ.

ಇದೇ ಪರೀಕ್ಷೆಯನ್ನು ಕುದಿಯುವ ನೀರಲ್ಲಿ ಮಾಡುವವರಿಗೆ ಒಂದು ಮಾತು. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆ. ಇಲ್ಲಿ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತದೆ. ನೂರು ಬರಲಿಲ್ಲ ಅಂತ ಸುಮ್ನೆ ಸೆಟ್ಟಿಂಗ್ ಮುಟ್ಟಬೇಡಿ. ಐಸ್ ಫ್ಲಾಸ್ಕೇ ವಾಸಿ.

ಟರ್ಮಿನಲ್‌ಗಳೆಲ್ಲ ಒಂದೇ ಬಿಸಿಯಲ್ಲಿದ್ದು, ಆ ಬಿಸಿ ಎಷ್ಟು ಅಂತ ಗೊತ್ತಿದ್ದರೆ ಸಾಕು. ಅವು ಲಾಗರ್ ಒಳಗೇ ಇರಬೇಕಿಲ್ಲ. ಫರ್ನೇಸ್ ಪಕ್ಕದ ಗೋಡೆಗೆ ಒಂದು ಡಬ್ಬಿ ಹೊಡೆದು, ಥರ್ಮೋಕಪಲ್ ತಂತಿಗಳನ್ನು ಅಲ್ಲೇ ಮುಗಿಸಿ, ಅಲ್ಲಿಂದ ಲಾಗರ್‌ವರೆಗೆ ಪ್ಲಸ್, ಮೈನಸ್ ಎರಡಕ್ಕೂ ತಾಮ್ರ ಎಳೆಯುವುದು ಅಂತ ತೀರ್ಮಾನಿಸಿದೆ. ಆರು ಎಂಎಂ ದಪ್ಪದ ಅಲ್ಯೂಮಿನಿಯಂ ಪ್ಲೇಟು ಪಕ್ಕದ ಶೆಡ್‌ನ ಸ್ಕ್ರಾಪಿನಲ್ಲಿ ಸಿಕ್ಕಿತು, ಅರ್ಧ ಕೆಜಿ ಬಂದಿರಬೇಕು. ಟರ್ಮಿನಲ್ ಸ್ಟ್ರಿಪ್ ಎಸ್‌ಪಿ ರೋಡಿನ ಅಂಗಡಿಯದು. ಸ್ಟ್ರಿಪ್ಪನ್ನು ಪ್ಲೇಟಿಗೆ ಅಂಟಿಸಿ ಕೂರಿಸಿದೆ. ಶಾಖ ದಾಟಬೇಕು, ಕರೆಂಟು ದಾಟಬಾರದು. ನಡುವೆ ಏನು ಹಾಕಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದನ್ನು ಹುಡುಕಲು ಬಹಳ ದಿನ ಹಿಡಿದಿದೆ.

ಪ್ಲೇಟಿನ ಬಿಸಿ ಅಳೆಯಲು ಮೊದಲು ಎಲ್‌ಎಂ35 ಎಂಬ ಸೆನ್ಸರ್ ಚಿಪ್ ಹಾಕಿದ್ದು. ಟೇಬಲ್ ಮೇಲೆ ಚಿನ್ನದಂಥ ರೀಡಿಂಗ್. 35 ಮೀಟರ್ ಕೇಬಲ್‌ಗೆ ಸೇರಿಸಿದ ತಕ್ಷಣ ಕುಣಿಯತೊಡಗಿತು. ಉದ್ದ ಕೇಬಲ್‌ನ ಕೆಪಾಸಿಟೆನ್ಸ್ ಆ ಚಿಪ್‌ಗೆ ಆಗಿಬರುವುದಿಲ್ಲ, 50 ಪಿಕೋಫ್ಯಾರಡ್ ದಾಟಿದರೆ ಹುಷಾರು ಅಂತ ಡೇಟಾಶೀಟೇ ಹೇಳುತ್ತದೆ. ಅದನ್ನು ಕಿತ್ತು ಮೂರು ತಂತಿಯ ಪಿಟಿ100 (ಬಿಸಿಗೆ ತಕ್ಕಂತೆ ರೆಸಿಸ್ಟೆನ್ಸ್ ಬದಲಾಗುವ ಪ್ಲಾಟಿನಂ ಸೆನ್ಸರ್) ಹಾಕಿದೆ. ಆವತ್ತಿನಿಂದ ತೆಪ್ಪಗಿದೆ. ಆದರೆ ಪಿಟಿ100ನಲ್ಲಿ ಡಿಗ್ರಿಗೆ 0.385 ಓಮ್ ಅಷ್ಟೇ. ಮೂರರಲ್ಲಿ ಒಂದು ಸ್ಕ್ರೂ ಸಡಿಲವಾದರೂ ಒಂದು ಡಿಗ್ರಿ ಸುಳ್ಳು ಬರುತ್ತದೆ, ಒಂಬತ್ತೂ ಚಾನೆಲ್ ಒಟ್ಟಿಗೆ ಹಾಳಾಗುತ್ತವೆ.

ಸ್ಕ್ರೂ ವಿಷಯಕ್ಕೆ ಬರುತ್ತೇನೆ, ಇದರಲ್ಲಿ ಜಗಳ ಜಾಸ್ತಿ. ಹಲವು ಎಳೆಯ ತಂತಿಯ ತುದಿಗೆ ಸೋಲ್ಡರ್ ಹಚ್ಚಿ ಬಿಗಿಯುವ ಅಭ್ಯಾಸ ಇನ್ನೂ ಹೋಗಿಲ್ಲ. ಒಂದು ಸ್ಟ್ರಿಪ್‌ನ ಅರ್ಧಕ್ಕೆ ಸೋಲ್ಡರ್ ಮಾಡಿದ ತುದಿ, ಇನ್ನರ್ಧಕ್ಕೆ ಪಿನ್ ಲಗ್ (ತುದಿಗೆ ಒತ್ತಿ ಕೂರಿಸುವ ಲೋಹದ ಪಿನ್) ಹಾಕಿ ಕಂಪ್ರೆಸರ್ ಮೈಗೆ ಕಟ್ಟಿ ಬಿಟ್ಟೆ. ಕೆಲವು ವಾರ ಕಳೆದು ನೋಡಿದರೆ ಸೋಲ್ಡರ್ ಕಡೆಯ ಬಹುಪಾಲು ಸ್ಕ್ರೂ ಕಾಲು ಸುತ್ತು ತಿರುಗುತ್ತಿದ್ದವು. ಸೀಸ ಮೆತ್ತಗೆ, ಒತ್ತಡಕ್ಕೆ ಹರಡಿಕೊಳ್ಳುತ್ತದೆ. ಲಗ್ ಕಡೆ ಒಂದೂ ಅಲ್ಲಾಡಿರಲಿಲ್ಲ. ಒಂಟಿ ಎಳೆಯ ಥರ್ಮೋಕಪಲ್ ತಂತಿಗೆ ಲಗ್ ಬೇಡ, ಮರಳು ಕಾಗದದಲ್ಲಿ ಉಜ್ಜಿ ನೇರ ಬಿಗಿಯಿರಿ.

ಬಣ್ಣ ನಂಬಬೇಡಿ. ಯುರೋಪ್ ಪದ್ಧತಿಯಲ್ಲಿ ಕೆ ಟೈಪ್‌ಗೆ ಹಸಿರು ಪ್ಲಸ್, ಬಿಳಿ ಮೈನಸ್. ಅಮೆರಿಕದ್ದರಲ್ಲಿ ಹಳದಿ ಪ್ಲಸ್, ಕೆಂಪು ಮೈನಸ್. ನಮ್ಮಲ್ಲಿ ಎರಡೂ ಬರುತ್ತವೆ, ಕೆಂಪು ಕಂಡರೆ ಎಲ್ಲರ ಕೈ ಪ್ಲಸ್‌ಗೇ ಹೋಗುತ್ತದೆ. ಜೇಬಲ್ಲಿ ಒಂದು ಮ್ಯಾಗ್ನೆಟ್ ಇಟ್ಟುಕೊಳ್ಳಿ. ಅಂಟುವುದು ಅಲುಮೆಲ್, ಅಂದರೆ ಮೈನಸ್. ಇದು ಅಸಲಿ ಥರ್ಮೋಕಪಲ್ ತಂತಿಗೆ ಮಾತ್ರ, ಕಾಂಪೆನ್ಸೇಟಿಂಗ್ ಕೇಬಲ್‌ಗೆ ನೆಚ್ಚಬೇಡಿ.

ಗಾಳಿ ತಾಗದಿರಲಿ ಅಂತ ಡಬ್ಬಿಯೊಳಗೆ ಥರ್ಮೋಕೋಲ್ ಹಾಕಿದ್ದೆ. ಫರ್ನೇಸ್ ಬಾಗಿಲ ಬಿಸಿಗೆ ಒಂದು ಮಗ್ಗುಲು ಕುಗ್ಗಿಹೋಯಿತು. ಶೆಡ್‌ನಲ್ಲೇ ಬಿದ್ದಿದ್ದ ಸೆರಾಮಿಕ್ ವೂಲ್ ತುಂಡನ್ನು ಫಾಯಿಲ್ ಟೇಪಲ್ಲಿ ಸುತ್ತಿ ಕೂರಿಸಿದೆ. ಮಧ್ಯಾಹ್ನ ಪ್ಲೇಟು 50 ಡಿಗ್ರಿ ಮುಟ್ಟುತ್ತದೆ, ಮುಟ್ಟಲಿ. ಎರಡು ತುದಿಗೂ ವ್ಯತ್ಯಾಸ ಇಲ್ಲದಿದ್ದರಾಯಿತು.

ಫರ್ನೇಸ್ ಉರಿಯುತ್ತಿರುವಾಗಲೇ ಮತ್ತೆ ಐಸ್ ಫ್ಲಾಸ್ಕ್ ಇಟ್ಟೆ. ಒಂಬತ್ತೂ ಅರ್ಧ ಡಿಗ್ರಿಯೊಳಗೆ ಬಂದವು. ಆಮೇಲೆ 850 ಡಿಗ್ರಿಯಲ್ಲಿ ಲ್ಯಾಬಿನ ಥರ್ಮೋಕಪಲ್ ಪಕ್ಕದಲ್ಲಿಟ್ಟಾಗ ಎರಡು ಡಿಗ್ರಿಯೊಳಗೆ. ಆ ಬಿಸಿಯಲ್ಲಿ ಸಾಮಾನ್ಯ ದರ್ಜೆಯ ಕೆ ತಂತಿಗೇ ಆರು ಡಿಗ್ರಿ ಆಚೀಚೆ ಬಿಟ್ಟಿದ್ದಾರೆ. ಫಿಟ್ಟರ್ ತಾವೇ ಫೋಟೋ ಹೊಡೆದುಕೊಂಡು ಪ್ಯಾನೆಲ್‌ನವರಿಗೆ ಕಳಿಸಿದರು.

ಖರ್ಚು: ಶೀಲ್ಡ್ ಇರುವ ಮಲ್ಟಿಪೇರ್ ಕೇಬಲ್ ಐದು ಸಾವಿರ ಚಿಲ್ಲರೆ, ಡಬ್ಬಿ, ಸ್ಟ್ರಿಪ್, ಪಿಟಿ100 ಎಲ್ಲ ಸೇರಿ ಮೂರೂವರೆ. ಹಳೆಯ ಕೇಬಲ್‌ನ ಅರ್ಧಕ್ಕಿಂತ ಕಮ್ಮಿ. ಶೀಲ್ಡನ್ನು ಲಾಗರ್ ಕಡೆ ಮಾತ್ರ ಅರ್ತ್ ಮಾಡಿದ್ದೇನೆ. ಫರ್ನೇಸ್‌ನ ಕರೆಂಟನ್ನು ಹತೋಟಿ ಮಾಡುವ ಥೈರಿಸ್ಟರ್ ಎಬ್ಬಿಸುವ ಗಲಾಟೆಗೆ ಒಂದು ಸಣ್ಣ ಫಿಲ್ಟರ್ ಇದೆ, ಅದರ ವಿವರಗಳು ನನ್ನ ಡೈರಿಯಲ್ಲೇ ಇರಲಿ.

ಈಗ ಟೆಂಪರಿಂಗ್ ಫರ್ನೇಸ್‌ಗೆ ಎರಡನೇ ಡಬ್ಬಿ ಕಟ್ಟುತ್ತಿದ್ದೇನೆ. ಅದಕ್ಕೆ ಸ್ಪ್ರಿಂಗ್ ಟರ್ಮಿನಲ್ ಹಾಕಿ ಅಂತ ಹೇಳುವವರಿದ್ದಾರೆ. ಸರ್ವೇಗೊಮ್ಮೆ ತಂತಿ ಬಿಚ್ಚಿ ಹಾಕುವ ಕಡೆ ನನಗೆ ಸ್ಕ್ರೂನೇ ಬೇಕು. ಬಿಗಿ ಎಷ್ಟಿದೆ ಅಂತ ಡ್ರೈವರ್ ಹಿಡಿದ ಕೈಗೆ ತಿಳಿಯುತ್ತದೆ.