ಗುಂಡು ಕೊಳ್ಳುವ ಮೊದಲು ನಳಿಗೆಯ ತಿರುವು ನೋಡಿ

ಪ್ರೇರಿ ಡಾಗ್, ಗ್ರೌಂಡ್‌ಹಾಗ್‌ನಂಥ ಸಣ್ಣ ಪೀಡಕ ಪ್ರಾಣಿಗಳ ಬೇಟೆಗೆ ತೋಟಾವನ್ನು ಕೈಯಾರೆ ತುಂಬಿಕೊಳ್ಳಲು ಹೊರಟವರು ಮೊದಲು ಎಡವುವುದು ಅಂಗಡಿಯಲ್ಲೇ. ಡಬ್ಬಿಯ ಮೇಲಿನ ವೇಗದ ಅಂಕಿ ಓದಿ ಗುಂಡು ಆರಿಸಿಬಿಡುತ್ತಾರೆ. ಇನ್ನೂರು ಮೀಟರ್ ಆಚೆ ಮುಷ್ಟಿಯಷ್ಟಿರುವ ಗುರಿಗೆ ವೇಗ ಎಷ್ಟಿದ್ದರೇನು, ಎರಡನೇ ಈಡು ಮೊದಲನೆಯದರ ಪಕ್ಕದಲ್ಲೇ ಬೀಳದಿದ್ದರೆ?

ಹಾಗಾಗಿ ಕೆಲಸ ಶುರುವಾಗಬೇಕಾದ್ದು ನಳಿಗೆಯಿಂದ. ಒಳಗಿನ ಸುರುಳಿ ಗೀರುಗಳು ಗುಂಡನ್ನು ಎಷ್ಟು ಅಂಗುಲಕ್ಕೊಮ್ಮೆ ಪೂರ್ತಿ ಸುತ್ತು ತಿರುಗಿಸುತ್ತವೆ ಎನ್ನುವುದೇ ಟ್ವಿಸ್ಟ್. ನಳಿಗೆಯ ಮೇಲೆ 1:9, 1:12 (9 ಅಥವಾ 12 ಅಂಗುಲಕ್ಕೆ ಒಂದು ಸುತ್ತು) ಎಂದು ಕೆತ್ತಿರುವುದುಂಟು. ಇಲ್ಲದಿದ್ದರೆ ಕೋವಿ ಖಾಲಿಯಿದೆಯೇ ಎಂದು ಎರಡು ಸಲ ನೋಡಿ, ಹಿಡಿಯಲ್ಲಿ ಸಲೀಸಾಗಿ ತಿರುಗುವ ಕ್ಲೀನಿಂಗ್ ಕಡ್ಡಿಯ ತುದಿಗೆ ಬಟ್ಟೆ ಬಿಗಿಯಾಗಿ ಸುತ್ತಿ ಒಳಗೆ ತಳ್ಳಿ. ಕಡ್ಡಿಯ ಮೇಲೆ ಪೆನ್ನಿನಿಂದ ಗುರುತು ಹಾಕಿ ನಿಧಾನ ಎಳೆಯಿರಿ. ಗುರುತು ಒಂದು ಸುತ್ತು ಬಂದು ಮತ್ತೆ ಮೇಲಕ್ಕೆ ಬರುವಷ್ಟರಲ್ಲಿ ಕಡ್ಡಿ ಎಷ್ಟು ಅಂಗುಲ ಸರಿಯಿತೋ ಅದೇ ಲೆಕ್ಕ.

ಭಾರದ ಗುಂಡಿಗೆ ಹೆಚ್ಚು ತಿರುವು ಬೇಕು ಎನ್ನುವ ಮಾತಿದೆ. ನಿಜವಾಗಿ ತಿರುವು ಕೇಳುವುದು ಗುಂಡಿನ ಉದ್ದ. .22-250 ಎಂಬ ತೋಟಾದ ಹಳೆಯ ರೈಫಲ್‌ಗಳಲ್ಲಿ 1:14 ತಿರುವೇ ಸಾಮಾನ್ಯ. ಅದಕ್ಕೆ 40ರಿಂದ 55 ಗ್ರೇನ್ ಗುಂಡು ಹೇಳಿ ಮಾಡಿಸಿದ್ದು (ಒಂದು ಗ್ರಾಮಿಗೆ ಸುಮಾರು 15.4 ಗ್ರೇನ್). ಅದೇ ನಳಿಗೆಗೆ 70 ಗ್ರೇನ್ ದಾಟಿದ ಉದ್ದ ಗುಂಡು ಹಾಕಿದರೆ ಕಾಗದದ ಮೇಲೆ ದುಂಡು ತೂತಿನ ಬದಲು ಬೀಗದ ಕಣ್ಣಿನಂಥ ಸೀಳು ಬೀಳುತ್ತದೆ. ಗುಂಡು ಅಡ್ಡಡ್ಡ ಹೊರಳಿಕೊಂಡು ಹೋಗಿದೆ ಎಂದರ್ಥ. ಸೀಸಕ್ಕಿಂತ ತಾಮ್ರ ಹಗುರ, ಆದ್ದರಿಂದ ಅಷ್ಟೇ ತೂಕದ ತಾಮ್ರದ ಗುಂಡು ಹೆಚ್ಚು ಉದ್ದವಿರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ನಿಷಿದ್ಧ. ಅಲ್ಲಿಯವರು ಗುಂಡು ಬದಲಿಸುವಾಗ ಈ ಲೆಕ್ಕವನ್ನು ಹೊಸದಾಗಿ ಹಾಕಲೇಬೇಕು.

ಇನ್ನು ಗುಂಡಿನ ಮೈಕಟ್ಟು. ವಿ-ಮ್ಯಾಕ್ಸ್, ಬ್ಲಿಟ್ಜ್‌ಕಿಂಗ್‌ನಂಥ ಹೆಸರಿನ ಪೀಡಕ ಬೇಟೆಯ ಗುಂಡುಗಳು ತೆಳು ತಾಮ್ರದ ಹೊದಿಕೆ, ಮೆತ್ತನೆಯ ಸೀಸದ ತಿರುಳು, ಪ್ಲಾಸ್ಟಿಕ್ ಮೂತಿಯವು. ತಗುಲಿದೊಡನೆ ಪುಡಿಯಾಗುತ್ತವೆ. ಪ್ರಾಣಿ ನರಳುವುದಿಲ್ಲ, ಗುಂಡು ಗಟ್ಟಿ ನೆಲಕ್ಕೆ ಬಡಿದು ಎಲ್ಲಿಗೋ ಚಿಮ್ಮುವ ಅಪಾಯವೂ ಕಡಿಮೆ. ಇವನ್ನು ಜಿಂಕೆಯ ಮೇಲೆ ಬಳಸುವುದು ಕ್ರೌರ್ಯ. ಚರ್ಮದಡಿಯಲ್ಲೇ ಒಡೆದು ಗಾಯ ಮಾಡುತ್ತವೆ ಅಷ್ಟೆ.

ತೀರಾ ತೆಳು ಹೊದಿಕೆಗೂ ಮಿತಿಯಿದೆ. ಸೆಕೆಂಡಿಗೆ 3,240 ಅಡಿ ವೇಗದ ಗುಂಡು 1:12 ನಳಿಗೆಯಿಂದ ಹೊರಬಿದ್ದಾಗ ನಿಮಿಷಕ್ಕೆ 1,94,400 ಸುತ್ತು ತಿರುಗುತ್ತಿರುತ್ತದೆ. 1:7ರಲ್ಲಾದರೆ ಸುಮಾರು 3,33,000 ಸುತ್ತು. ಕೆಲವು ಗುಂಡುಗಳು ಆ ತಿರುಗಾಟ ತಾಳದೆ ಗಾಳಿಯಲ್ಲೇ ಸಿಡಿಯುತ್ತವೆ. ಕಾಗದದಲ್ಲಿ ತೂತೇ ಇಲ್ಲದಿದ್ದಾಗ ಗುರಿ ತಪ್ಪಿತೆಂದು ಕೊರಗುವ ಮೊದಲು ಇದನ್ನು ಅನುಮಾನಿಸಿ.

ಗುಂಡು ಆಯಿತು, ಇನ್ನು ಕೇಸು, ಅಂದರೆ ಮದ್ದನ್ನೂ ಗುಂಡನ್ನೂ ಹಿಡಿದಿಡುವ ಹಿತ್ತಾಳೆಯ ಚಿಪ್ಪು. ಒಂದೇ ಕಂಪನಿಯ, ಒಂದೇ ಸಂಖ್ಯೆಯ ಈಡು ಕಂಡ ಕೇಸುಗಳನ್ನು ಬೇರೆ ಎತ್ತಿಡಿ. ಪೇಪರ್ ಕ್ಲಿಪ್ ನೇರ ಮಾಡಿ, ತುದಿಯನ್ನು ಚೂರೇ ಚೂರು ಕೊಕ್ಕೆಯಂತೆ ಬಗ್ಗಿಸಿ, ಕೇಸಿನೊಳಗೆ ಬುಡದಿಂದ ಬಾಯಿಯ ಕಡೆಗೆ ಗೋಡೆಗೆ ಸವರುತ್ತ ಎಳೆಯಿರಿ. ಬುಡದ ಹತ್ತಿರ ತುದಿ ತಡವರಿಸಿದರೆ ಅಲ್ಲಿ ಹಿತ್ತಾಳೆ ಸವೆದು ಹಳ್ಳವಾಗಿದೆ. ಆ ಕೇಸು ಮುಂದಿನ ಈಡಿಗೆ ತುಂಡಾಗಬಹುದು, ಎಸೆದುಬಿಡಿ. ಉಳಿದವಕ್ಕೆ ಲ್ಯೂಬ್ (ಜಾರಲು ಹಚ್ಚುವ ಜಿಡ್ಡು) ಸವರಿ, ಉಬ್ಬಿದ ಕೇಸನ್ನು ಮತ್ತೆ ಅಳತೆಗೆ ತರುವ ಅಚ್ಚಾದ ಡೈಗೆ ಹಾಕಿ. ಒಮ್ಮೆ ಅವಸರದಲ್ಲಿ ಲ್ಯೂಬ್ ಮರೆತು ಕೇಸು ಡೈಯಲ್ಲಿ ಕಚ್ಚಿಕೊಂಡಿತ್ತು. ಅದನ್ನು ಕೊರೆದು ತೆಗೆಯುವಷ್ಟರಲ್ಲಿ ನನ್ನ ಅರ್ಧ ಭಾನುವಾರ ಮುಗಿದಿತ್ತು.

ಆಮೇಲೆ ಉದ್ದ ಅಳೆಯಿರಿ. .223 ರೆಮಿಂಗ್ಟನ್ ಎಂಬ ತೋಟಾದ ಕೇಸು 1.760 ಅಂಗುಲ ಮೀರಬಾರದು, ಕತ್ತರಿಸುವಾಗ 1.750ಕ್ಕೆ ತನ್ನಿ. ಮೀರಿದರೆ ಕೇಸಿನ ಕತ್ತು ನಳಿಗೆಯಲ್ಲಿ ತೋಟಾ ಕೂರುವ ಜಾಗವಾದ ಚೇಂಬರಿನ ಕೊನೆಗೆ ಸಿಕ್ಕಿಕೊಂಡು ಗುಂಡನ್ನು ಹಿಡಿದುಬಿಡುತ್ತದೆ, ಒತ್ತಡ ಏರುತ್ತದೆ. ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಟ್ಟಲು) ಕೂರಿಸಿ ಬುಡದ ಮೇಲೆ ಬೆರಳಾಡಿಸಿ. ಕೂದಲೆಳೆಯಷ್ಟು ತಗ್ಗಿನಲ್ಲಿರಬೇಕು, ಉಬ್ಬಿರಲೇಬಾರದು.

ಮದ್ದಿನ ವಿಷಯದಲ್ಲಿ ಗೆಳೆಯರ ಮಾತು ಬೇಡ. ಮದ್ದು ಅಥವಾ ಗುಂಡು ತಯಾರಕರು ಅಚ್ಚು ಹಾಕಿಸಿದ ಕೈಪಿಡಿಯ ಆರಂಭದ ತೂಕದಿಂದಲೇ ಹೊರಡಿ, ಚೂರುಚೂರೇ ಏರಿಸಿ. ಈಡಿನ ಬಳಿಕ ಬೋಲ್ಟ್ (ಚೇಂಬರ್ ಮುಚ್ಚುವ ಅಗುಳಿ) ಎತ್ತಲು ಬಿಗಿಯಾದರೆ, ಪ್ರೈಮರ್ ಚಪ್ಪಟೆಯಾದರೆ ಒತ್ತಡ ಹೆಚ್ಚಾಗಿದೆ ಎಂದರ್ಥ, ಅಲ್ಲಿಗೇ ನಿಲ್ಲಿಸಿ. ಮೇಜಿನ ಮೇಲೆ ಒಂದೇ ಡಬ್ಬಿ ಮದ್ದು ಇರಲಿ. ತುಂಬಿದ ಕೇಸುಗಳನ್ನು ಹಲಗೆಯಲ್ಲಿ ನಿಲ್ಲಿಸಿ ಮೇಲಿಂದ ಟಾರ್ಚ್ ಬಿಡಿ. ಎಲ್ಲದರಲ್ಲೂ ಮದ್ದಿನ ಮಟ್ಟ ಒಂದೇ ಇರಬೇಕು. ಗುಂಡು, ಪ್ರೈಮರ್, ಕೇಸು ಯಾವುದನ್ನು ಬದಲಿಸಿದರೂ ಮತ್ತೆ ಆರಂಭದ ತೂಕಕ್ಕೇ ಹೋಗಿ.

ಗುಂಡು ಕೂರಿಸುವಾಗ ತೋಟಾದ ಉದ್ದ ಮ್ಯಾಗಜೀನಿಗೆ ಹಿಡಿಸಬೇಕು; .223ಗೆ ಮಿತಿ 2.260 ಅಂಗುಲ. ಒಂದೊಂದು ತೂಕಕ್ಕೆ ಐದೈದು ತೋಟಾ ಮಾಡಿ, ನಳಿಗೆ ಆರಲು ಬಿಟ್ಟು ಬಿಟ್ಟು ಹೊಡೆಯಿರಿ. ತೂತುಗಳು ಎಲ್ಲಿ ಒತ್ತಾಗಿ ಬಿದ್ದವೋ ಆ ತೂಕ ನಿಮ್ಮದು. ಅದು ಬಹುಪಾಲು ಸಲ ಅತಿ ವೇಗದ್ದಾಗಿರುವುದಿಲ್ಲ.

ಗುಂಡು, ಮದ್ದಿನ ತೂಕ, ಪ್ರೈಮರ್, ತಾರೀಖು, ಜೊತೆಗೆ ಯಾವ ರೈಫಲ್ ಎಂಬುದನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸಿ. ಚೀಟಿ ಕಿತ್ತುಹೋದ ಡಬ್ಬಿ ಸಿಕ್ಕಿದರೆ ನೆನಪಿನ ಮೇಲೆ ಬಾರು ಮಾಡಬೇಡಿ. ಬುಲೆಟ್ ಪುಲ್ಲರ್‌ನಲ್ಲಿ ಒಂದೊಂದನ್ನೂ ಬಿಚ್ಚಿಬಿಡಿ.