ಹಲ್ಲಿನ ಕ್ಲಿನಿಕ್ ನಡೆಸುವವರಿಗೆ: ಬೆಳಗಿನ 10 ನಿಮಿಷ

ಕಾರವಾರ, ಶಿರಸಿ ಕಡೆ ಕ್ಲಿನಿಕ್ ಇಟ್ಟವರು ಮೊದಲ ಪೇಶೆಂಟ್ ಬರುವ ಮುಂಚೆ 10 ನಿಮಿಷ ಎಲ್ಲರೂ ನಿಂತೇ ಮಾತಾಡಿ. ಇವತ್ತು ಯಾರಿಗೆ ರೂಟ್ ಕೆನಾಲ್, ಯಾರಿಗೆ ಶುಗರ್, ಲ್ಯಾಬಿಂದ ಕ್ಯಾಪ್ ಬಂತಾ, ಇಷ್ಟು ಸಾಕು. ಡಾಕ್ಟರು ಕೊನೆಗೆ ಮಾತಾಡಲಿ. ಅವರೇ ಶುರು ಮಾಡಿದರೆ ಉಳಿದವರು ಬರೀ ತಲೆಯಾಡಿಸುತ್ತಾರೆ.

ಆಟೋಕ್ಲೇವ್ (ಉಪಕರಣಗಳನ್ನು ಹಬೆಯಲ್ಲಿ ರೋಗಾಣುಮುಕ್ತ ಮಾಡುವ ಯಂತ್ರ) ವಿಷಯದಲ್ಲಿ ಬೈಗುಳ ಬೇಡವೇ ಬೇಡ. ಟ್ರೇ ಕಿಕ್ಕಿರಿದು ತುಂಬಿದರೆ, ಒಣಗುವ ಮೊದಲೇ ಬಾಗಿಲು ತೆಗೆದರೆ ಉಪಕರಣ ಇಟ್ಟ ಕಾಗದದ ಪೌಚ್ ಒದ್ದೆಯಾಗಿಯೇ ಬರುತ್ತದೆ. ಒದ್ದೆ ಕಾಗದದ ಮೂಲಕ ರೋಗಾಣು ಒಳಗೆ ಹೋಗುತ್ತದೆ, ಹಾಗಾಗಿ ಅದು ಸ್ಟೆರೈಲ್ ಅಲ್ಲ. ಬೈಸಿಕೊಳ್ಳುವ ಹೆದರಿಕೆಗೆ ಸಹಾಯಕಿ ಅದನ್ನು ಮುಚ್ಚಿಟ್ಟರೆ ಅಪಾಯ ಪೇಶೆಂಟಿಗೆ. ‘ಹೇಳಿದ್ದು ಒಳ್ಳೇದಾಯ್ತು’ ಅನ್ನಿ, ಹೊಸ ಪೌಚಿಗೆ ಹಾಕಿ ಪೂರ್ತಿ ಸೈಕಲ್ ಮತ್ತೆ ಓಡಿಸಿ.

ಅಂಕೋಲಾದಿಂದ ಬಸ್ಸಿಗೆ ಬರುವ ಸಿಬ್ಬಂದಿ ಇದ್ದರೆ, ಜೂನ್, ಜುಲೈ ಮಳೆಯಲ್ಲಿ ಸಂಜೆಯ ಕೊನೆಯ ಅಪಾಯಿಂಟ್‌ಮೆಂಟ್ ಅರ್ಧ ಗಂಟೆ ಮುಂಚೆಯೇ ಇಡಿ.