ನನ್ನ ರೆಸ್ಯೂಮೆ ಓದೋಕೇ ಆಗ್ತಿರಲಿಲ್ಲ!

ಕನ್ನಡ ಕಂಟೆಂಟ್ ರೈಟರ್ ಕೆಲಸಕ್ಕೆ ಏಳು ಕಡೆ ರೆಸ್ಯೂಮೆ ಕಳಿಸಿದೆ, ಒಂದು ಕಡೆಯಿಂದಲೂ ಉತ್ತರವಿಲ್ಲ. ಕೊನೆಗೆ ಗೆಳತಿಯ ಮೊಬೈಲಲ್ಲಿ ತೆರೆದು ನೋಡಿದರೆ ನನ್ನ ಹೆಸರಿನ ಜಾಗದಲ್ಲೇ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ! 'ನುಡಿ' ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಆಸ್ಕಿ ಫಾಂಟಲ್ಲಿ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿದ್ದು) ಟೈಪ್ ಮಾಡಿ ವರ್ಡ್ ಫೈಲನ್ನೇ ಕಳಿಸಿದ್ದೆ. ಆ ಫಾಂಟ್ ಇಲ್ಲದ ಕಡೆ ಅದು ಹೀಗೇ ಕಾಣುವುದು. ಕನ್ವರ್ಟರ್‌ನಲ್ಲಿ ಈಗಿನ ಫೋನ್, ಕಂಪ್ಯೂಟರುಗಳಲ್ಲಿ ಕನ್ನಡವಾಗೇ ಕಾಣುವ ಯೂನಿಕೋಡ್‌ಗೆ ಬದಲಿಸಿ, ಕೆಟ್ಟಿದ್ದ ಒತ್ತಕ್ಷರ, ಅರ್ಕಾವತ್ತು ಕೈಯಲ್ಲೇ ತಿದ್ದಿ (ಇದಕ್ಕೇ ಜಾಸ್ತಿ ಹೊತ್ತು ಹಿಡಿಯಿತು), ಪಿಡಿಎಫ್ ಮಾಡಿ, ಮೊದಲು ನನಗೇ ಮೇಲ್ ಮಾಡಿಕೊಂಡು ಫೋನಲ್ಲಿ ತೆರೆದು ನೋಡಿದೆ. ಸರಿಯಾಗಿತ್ತು. ಹಾಗೇ 'ಶ್ರಮಜೀವಿ, ಎಲ್ಲರೊಂದಿಗೆ ಬೆರೆಯುವ ಸ್ವಭಾವ' ಅಂತ ಒಂದು ಸಾಲು ಸುಮ್ನೆ ಕೂತಿತ್ತು. ಅದನ್ನು ತೆಗೆದು 'ವಾರಕ್ಕೆ 10 ಲೇಖನ ತಿದ್ದಿದ ಅನುಭವ' ಅಂತ ಬರೆದೆ. ಮುಂದಿನ ಅರ್ಜಿಗೆ ನಾಲ್ಕನೇ ದಿನವೇ ಫೋನ್ ಬಂತು.